ಗಂಧಕದ ಕುಲುಮೆ: ಬರ್ನರ್ ಮತ್ತು ಸಿಂಪಡಿಕೆ ನಾಜಲ್‌ಗಳ ವಿನ್ಯಾಸ – ಒಂದು ಪರಿಚಯ

ಥಾಣೆ–ಬೇಲಾಪುರ ರಸ್ತೆಯಲ್ಲಿ ದಿನವೂ ಸಂಚರಿಸುವವರಿಗೆ, ಡೊಂಬಿವಲಿಯ ಎಂ.ಐ.ಡಿ.ಸಿ. ವಲಯದ ಆಸುಪಾಸಿನಲ್ಲಿ ಮನೆ ಮಾಡಿಕೊಂಡವರಿಗೆ ರಾಸಾಯನಿಕ ಕಾರ್ಖಾನೆಗಳು ಅಪರಿಚಿತವಲ್ಲ. ನಮ್ಮ ಅನೇಕ ಕುಟುಂಬಗಳ ಹಿರಿಯರು ಫಿಟ್ಟರ್, ಆಪರೇಟರ್, ಕೆಮಿಸ್ಟ್, ಇಂಜಿನಿಯರ್‌ಗಳಾಗಿ ಈ ಕಾರ್ಖಾನೆಗಳಲ್ಲಿಯೇ ದುಡಿದು ಇಲ್ಲಿ ನೆಲೆ ಕಂಡುಕೊಂಡವರು. ಗೊಬ್ಬರ, ಬಣ್ಣ, ಸಾಬೂನುಪುಡಿ, ಔಷಧ, ವಾಹನದ ಬ್ಯಾಟರಿ – ಇವೆಲ್ಲವುಗಳ ಹಿಂದೆ ಒಂದಲ್ಲ ಒಂದು ಹಂತದಲ್ಲಿ ಗಂಧಕಾಮ್ಲ, ಅಂದರೆ ಸಲ್ಫ್ಯೂರಿಕ್ ಆಮ್ಲ ಇದ್ದೇ ಇರುತ್ತದೆ. ಆ ಆಮ್ಲದ ಹುಟ್ಟು ಗಂಧಕವನ್ನು ಸುಡುವ ಕುಲುಮೆಯಲ್ಲಿ. ಆ ಕುಲುಮೆಯ ಯೋಗಕ್ಷೇಮವು ಬಹುಮಟ್ಟಿಗೆ ಅವಲಂಬಿಸಿರುವುದು ಕೆಲವೇ ಮಿಲಿಮೀಟರ್ ರಂಧ್ರವಿರುವ ಒಂದು ನಾಜಲ್‌ನ ಮೇಲೆ. ಆ ಪುಟ್ಟ ಉಪಕರಣದ ವಿನ್ಯಾಸವನ್ನೂ, ಅದು ಕೆಟ್ಟರೆ ಕಾರ್ಖಾನೆಗೂ ಊರಿಗೂ ಆಗುವ ಪರಿಣಾಮವನ್ನೂ ಪರಿಚಯಿಸುವುದು ಈ ಲೇಖನದ ಉದ್ದೇಶ.

ನಮ್ಮ ಪರಿಸರದಲ್ಲಿ ಗಂಧಕಾಮ್ಲ

ಗಂಧಕಾಮ್ಲಕ್ಕೂ ನಮ್ಮ ಪ್ರದೇಶಕ್ಕೂ ಇರುವ ನಂಟು ಒಂದು ಶತಮಾನದಷ್ಟು ಹಳೆಯದು. 1919ರಲ್ಲಿ ಸ್ಥಾಪನೆಯಾದ ಧರಮ್‌ಸಿ ಮೊರಾರ್ಜಿ ಕೆಮಿಕಲ್ ಕಂಪನಿಯು ಕಲ್ಯಾಣದಿಂದ ಮೂರನೆಯ ರೈಲು ನಿಲ್ದಾಣವಾದ ಅಂಬರನಾಥದಲ್ಲಿ ಗಂಧಕಾಮ್ಲ ಮತ್ತು ಸೂಪರ್ ಫಾಸ್ಫೇಟ್ ಗೊಬ್ಬರದ ತಯಾರಿಕೆಯನ್ನು ಕೈಗೊಂಡಿತು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ಅಸ್ತಿತ್ವಕ್ಕೆ ಬಂದ ನಂತರ ಥಾಣೆಯ ವಾಗಳೆ ಎಸ್ಟೇಟ್, ಡೊಂಬಿವಲಿ, ಥಾಣೆ ಖಾಡಿಯಾಚೆಯ ಟಿ.ಟಿ.ಸಿ. ವಲಯ, ತಳೋಜಾ ಮೊದಲಾದೆಡೆ ಕಾರ್ಖಾನೆಗಳು ಬೆಳೆದವು. ಡೊಂಬಿವಲಿಯ ಬಣ್ಣದ ಮಧ್ಯವರ್ತಿ ರಾಸಾಯನಿಕಗಳ ಘಟಕಗಳಿಗೆ ಗಂಧಕಾಮ್ಲವೂ ಅದರ ಉಗ್ರರೂಪವಾದ ಓಲಿಯಂ ಕೂಡ ದಿನನಿತ್ಯದ ಕಚ್ಚಾವಸ್ತುಗಳು.

ಕನ್ನಡನಾಡಿಗೂ ಈ ವಿದ್ಯೆ ಹೊಸದಲ್ಲ. ಮೈಸೂರಿನ ಸಮೀಪದ ಬೆಳಗೊಳದಲ್ಲಿ ಸ್ವಾತಂತ್ರ್ಯಪೂರ್ವದಲ್ಲಿಯೇ ಆರಂಭವಾದ ಗೊಬ್ಬರದ ಕಾರ್ಖಾನೆಯು ಅಮೋನಿಯಂ ಸಲ್ಫೇಟ್ ತಯಾರಿಸುತ್ತಿತ್ತು. ಅದಕ್ಕೂ ಗಂಧಕಾಮ್ಲವೇ ಆಧಾರ. ಸಕ್ಕರೆ ಕಾರ್ಖಾನೆಗಳಲ್ಲಿ ಗಂಧಕ ಸುಡುವ ವಿಷಯವನ್ನು ಮುಂದೆ ನೋಡೋಣ.

ಇಂದು ಗಂಧಕವು ಬಹುಪಾಲು ಪೆಟ್ರೋಲಿಯಂ ಶುದ್ಧೀಕರಣಾಗಾರಗಳ ಉಪೋತ್ಪನ್ನ. ಪೆಟ್ರೋಲು, ಡೀಸೆಲ್‌ಗಳಿಂದ ತೆಗೆದ ಗಂಧಕವೇ ಹಳದಿ ಗಟ್ಟಿಯಾಗಿ ಅಥವಾ ಕರಗಿದ ದ್ರವವಾಗಿ ಟ್ಯಾಂಕರುಗಳಲ್ಲಿ ಕಾರ್ಖಾನೆ ಸೇರುತ್ತದೆ. ಅದನ್ನು ಒಣಗಾಳಿಯಲ್ಲಿ ಸುಟ್ಟರೆ ಸಲ್ಫರ್ ಡೈಆಕ್ಸೈಡ್ ಅನಿಲ ದೊರೆಯುತ್ತದೆ. ಸುಮಾರು 1000 ಡಿಗ್ರಿ ಸೆಲ್ಸಿಯಸ್ ಬಿಸಿಯ ಆ ಅನಿಲವನ್ನು ಬಾಯ್ಲರ್‌ನಲ್ಲಿ 420 ಡಿಗ್ರಿಯ ಆಸುಪಾಸಿಗೆ ತಣಿಸಿ, ವೆನೇಡಿಯಂ ವೇಗವರ್ಧಕದ ಹಾಸುಗಳ ಮೂಲಕ ಹಾಯಿಸಿದರೆ ಸಲ್ಫರ್ ಟ್ರೈಆಕ್ಸೈಡ್ ಆಗುತ್ತದೆ. ಅದನ್ನು ಪ್ರಬಲ ಆಮ್ಲದಲ್ಲಿ ಹೀರಿಸಿದರೆ ಗಂಧಕಾಮ್ಲ ಸಿದ್ಧ. ಒಂದು ಟನ್ ಆಮ್ಲದೊಂದಿಗೆ ಒಂದು ಟನ್ನಿಗೂ ಮಿಗಿಲಾದ ಹಬೆ ಉಚಿತವಾಗಿ ದೊರೆಯುವುದು ಈ ವಿಧಾನದ ದೊಡ್ಡ ಲಾಭ.

ಗಂಧಕದ ವಿಚಿತ್ರ ಸ್ವಭಾವ

ನಾಜಲ್ ವಿನ್ಯಾಸದ ಕಷ್ಟವೆಲ್ಲ ಗಂಧಕದ ಸ್ವಭಾವದಲ್ಲಿಯೇ ಅಡಗಿದೆ. ಎಣ್ಣೆಯನ್ನು ಕಾಯಿಸಿದಷ್ಟೂ ಅದು ತೆಳುವಾಗುತ್ತದೆ. ಗಂಧಕ ಹಾಗಲ್ಲ. ಅದು 115ರಿಂದ 119 ಡಿಗ್ರಿಯ ನಡುವೆ ಕರಗಿ, ಕಾದಂತೆ ತೆಳುವಾಗುತ್ತ 155 ಡಿಗ್ರಿಯ ಸುಮಾರಿಗೆ ಅತ್ಯಂತ ತೆಳುವಾಗುತ್ತದೆ. ಆದರೆ 159 ಡಿಗ್ರಿ ದಾಟಿದೊಡನೆ ಒಮ್ಮೆಗೇ ಗಟ್ಟಿಯಾಗತೊಡಗಿ, 187 ಡಿಗ್ರಿಯ ಹೊತ್ತಿಗೆ ಸಾವಿರಾರು ಪಟ್ಟು ದಪ್ಪವಾದ ಕಂದು ಅಂಟಾಗಿಬಿಡುತ್ತದೆ. ಎಂಟೆಂಟು ಪರಮಾಣುಗಳ ಉಂಗುರಗಳಾಗಿದ್ದ ಗಂಧಕವು ಆ ಶಾಖದಲ್ಲಿ ಬಿಚ್ಚಿಕೊಂಡು, ಒಂದಕ್ಕೊಂದು ಕೊಂಡಿಯಾಗಿ ಉದ್ದನೆಯ ಸರಪಳಿಗಳಾಗುವುದೇ ಇದಕ್ಕೆ ಕಾರಣ. ಎಳೆಪಾಕಕ್ಕೆ ಬಂದ ಬೆಲ್ಲವು ಕ್ಷಣಮಾತ್ರದಲ್ಲಿ ಗಟ್ಟಿಪಾಕವಾಗುವುದನ್ನು ಬಲ್ಲ ಗೃಹಿಣಿಯರಿಗೆ ಈ ಎಚ್ಚರಿಕೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಹೀಗಾಗಿ ಗಂಧಕವನ್ನು ಪಂಪಿನಿಂದ ನಾಜಲ್‌ನ ತುದಿಯವರೆಗೆ ಒಯ್ಯಲು ಇರುವ ಅವಕಾಶ ಕೇವಲ 40 ಡಿಗ್ರಿ. ಅದಕ್ಕಿಂತ ತಣಿದರೆ ಕಲ್ಲು, ಅದಕ್ಕಿಂತ ಕಾದರೆ ಅಂಟು. ರೂಢಿಯಲ್ಲಿ 135ರಿಂದ 150 ಡಿಗ್ರಿಯೊಳಗೆ ಇರಿಸುತ್ತಾರೆ. ಇದಕ್ಕಾಗಿ ಕೊಳವೆ, ಪಂಪು, ವಾಲ್ವ್ ಎಲ್ಲಕ್ಕೂ ಹಬೆಯ ಹೊರಕವಚ, ಅಂದರೆ ಸ್ಟೀಮ್ ಜಾಕೆಟ್ ತೊಡಿಸಲಾಗುತ್ತದೆ. ಈ ಹಬೆಯ ಒತ್ತಡವೂ ಲೆಕ್ಕಾಚಾರದ್ದು. ಗೇಜಿನಲ್ಲಿ 3.5 ಬಾರ್ ಒತ್ತಡ ತೋರುವ ಹಬೆಯ ಶಾಖ ಸುಮಾರು 148 ಡಿಗ್ರಿ. ಅದೇ 6 ಬಾರ್‌ಗೆ ಏರಿದರೆ 165 ಡಿಗ್ರಿ. ಒತ್ತಡ ತಗ್ಗಿಸುವ ವಾಲ್ವ್ ಒಂದು ಕೆಟ್ಟರೆ ಸಾಕು, ಗಂಧಕವನ್ನು ಕಾಪಾಡಬೇಕಾದ ಹಬೆಯೇ ಅದನ್ನು ಅಂಟಾಗಿಸುತ್ತದೆ.

ಕುಲುಮೆಯೊಳಗೆ ಚಾಚಿಕೊಂಡಿರುವ ಸಿಂಪಡಿಕೆ ಕೊಳವೆಗೆ ಕೆಲಸಗಾರರು ‘ಸಲ್ಫರ್ ಗನ್’ ಎನ್ನುತ್ತಾರೆ. ಇದಕ್ಕೂ ಜಾಕೆಟ್ ಉಂಟು. ಹೊರಗಿನ ಭಾಗದಲ್ಲಿ ಅದು ಗಂಧಕವನ್ನು ಹೆಪ್ಪುಗಟ್ಟದಂತೆ ಬಿಸಿಯಾಗಿಡುತ್ತದೆ. ಕುಲುಮೆಯೊಳಗಿನ ಭಾಗದಲ್ಲಿ ಅದೇ ಹಬೆಯು ಸಾವಿರ ಡಿಗ್ರಿಯ ಕಾವಿನಿಂದ ಗಂಧಕವನ್ನು ತಂಪಾಗಿಡುತ್ತದೆ. ಆದ್ದರಿಂದಲೇ ಗಂಧಕದ ಹರಿವು ನಿಂತಾಗ ಗನ್ನನ್ನು ಕುಲುಮೆಯಲ್ಲಿ ಬಿಡದೆ ಹೊರಗೆಳೆಯುವುದು ಒಳ್ಳೆಯ ರೂಢಿ. ಹಾಗೆ ಸುಲಭವಾಗಿ ಎಳೆಯಲು ಬರುವಂತೆ ಅದನ್ನು ವಿನ್ಯಾಸಗೊಳಿಸುವುದು ಇಂಜಿನಿಯರನ ಹೊಣೆ.

ಹನಿಯ ಗಾತ್ರವೇ ಪ್ರಧಾನ

ದ್ರವ ಗಂಧಕವು ಇದ್ದಂತೆಯೇ ಉರಿಯುವುದಿಲ್ಲ. ಅದರ ಹನಿಯು ಆವಿಯಾಗಿ, ಆ ಆವಿಯು ಆಮ್ಲಜನಕದೊಡನೆ ಬೆರೆತು ಉರಿಯುತ್ತದೆ. ಕಾದ ದೋಸೆ ಕಾವಲಿಯ ಮೇಲೆ ನೀರು ಚಿಮುಕಿಸಿದಾಗ ಸಣ್ಣ ಹನಿಗಳು ಮಾಯವಾದರೂ ದೊಡ್ಡ ಹನಿಗಳು ಬಹಳ ಹೊತ್ತು ಉರುಳಾಡುವುದನ್ನು ಎಲ್ಲರೂ ಕಂಡಿದ್ದೇವೆ. ಹನಿಯು ಉರಿದು ಮುಗಿಯಲು ಬೇಕಾಗುವ ಸಮಯವು ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದು ಇಲ್ಲಿನ ಮೂಲ ನಿಯಮ. ವ್ಯಾಸ ಎರಡರಷ್ಟಾದರೆ ಸಮಯ ನಾಲ್ಕರಷ್ಟು. 1 ಮಿ.ಮೀ. ಹನಿಯೊಂದನ್ನು 0.1 ಮಿ.ಮೀ. ಹನಿಗಳಾಗಿ ಒಡೆದರೆ ಸಾವಿರ ಹನಿಗಳಾಗುತ್ತವೆ; ಒಟ್ಟು ಮೇಲ್ಮೈ ಹತ್ತು ಪಟ್ಟಾಗುತ್ತದೆ; ಉರಿಯುವ ಸಮಯ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಹೀಗಾಗಿ ಕುಲುಮೆಯ ಉದ್ದವನ್ನು ನಿರ್ಧರಿಸುವುದು ಸರಾಸರಿ ಹನಿಯಲ್ಲ, ಅತಿ ದೊಡ್ಡ ಹನಿ. ನೂರು ಹನಿಗಳಲ್ಲಿ ತೊಂಬತ್ತೆಂಟು ಚೆನ್ನಾಗಿ ಉರಿದು ಎರಡು ಉಳಿದರೂ ಆ ಎರಡೇ ತೊಂದರೆಗೆ ಮೂಲ. ಅವು ನೆಲದ ಇಟ್ಟಿಗೆಯ ಮೇಲೆ ಬಿದ್ದು ಹೊಂಡವಾಗಿ ಉರಿಯುತ್ತವೆ, ಇಲ್ಲವೆ ಆವಿಯಾಗಿ ಮುಂದೆ ಸಾಗಿ ಬಾಯ್ಲರ್‌ನ ತಣ್ಣನೆಯ ಭಾಗಗಳಲ್ಲಿ ಹಳದಿ ಲೇಪವಾಗಿ ಕೂರುತ್ತವೆ, ಇಲ್ಲವೆ ವೇಗವರ್ಧಕದ ಹಾಸಿನಲ್ಲಿ ಉರಿದು ಅದನ್ನು ಹಾಳುಗೆಡವುತ್ತವೆ.

ನಾಜಲ್‌ಗಳ ಬಗೆಗಳು

*ಒತ್ತಡದ ನಾಜಲ್:* ಹೆಚ್ಚು ಬಳಕೆಯಲ್ಲಿರುವುದು ಇದೇ. ಪಂಪಿನ ಒತ್ತಡದಿಂದ ಬಂದ ಗಂಧಕವು ನಾಜಲ್‌ನ ಒಳಕೋಣೆಯಲ್ಲಿ ಸುಳಿಯಂತೆ ಸುತ್ತಿ, ರಂಧ್ರದಿಂದ ಟೊಳ್ಳು ಶಂಕುವಿನಾಕಾರದ ತೆಳುಹಾಳೆಯಾಗಿ ಹೊರಬಿದ್ದು ಹನಿಗಳಾಗಿ ಒಡೆಯುತ್ತದೆ. ರಚನೆ ಸರಳ, ಬೆಲೆ ಕಡಿಮೆ. ಆದರೆ ಹರಿವು ಒತ್ತಡದ ವರ್ಗಮೂಲಕ್ಕೆ ಅನುಗುಣವಾದುದರಿಂದ ಉತ್ಪಾದನೆಯನ್ನು ಅರ್ಧಕ್ಕೆ ಇಳಿಸಿದರೆ ಒತ್ತಡ ಕಾಲುಭಾಗಕ್ಕೆ ಇಳಿದು ಹನಿಗಳು ದಪ್ಪವಾಗುತ್ತವೆ. ಆದುದರಿಂದ ದೊಡ್ಡ ಕುಲುಮೆಗಳಲ್ಲಿ ಒಂದೇ ದೊಡ್ಡ ಗನ್ನಿಗೆ ಬದಲು ಹಲವು ಸಣ್ಣ ಗನ್ನುಗಳನ್ನಿರಿಸಿ, ಬೇಡಿಕೆ ಇಳಿದಾಗ ಒಂದೆರಡನ್ನು ಹೊರಗೆಳೆಯುವುದು ಜಾಣತನ.

*ಗಾಳಿ ನೆರವಿನ ನಾಜಲ್:* ಒತ್ತಡದ ಗಾಳಿಯು ಗಂಧಕವನ್ನು ಸಣ್ಣ ಹನಿಗಳಾಗಿ ಚೂರುಮಾಡುತ್ತದೆ. ಹರಿವು ಕಡಿಮೆಯಾದರೂ ಹನಿ ಕೆಡುವುದಿಲ್ಲ. ಆದರೆ ಆ ಗಾಳಿಯೂ ಒಣಗಿದ್ದಾಗಿರಬೇಕು, ಅದಕ್ಕೆ ವಿದ್ಯುತ್ ಖರ್ಚು ಹೆಚ್ಚು. ಎಣ್ಣೆಯ ಬರ್ನರುಗಳಲ್ಲಿ ಈ ಕೆಲಸಕ್ಕೆ ಹಬೆಯನ್ನೇ ಬಳಸುವುದುಂಟು. ಗಂಧಕದ ಕುಲುಮೆಯಲ್ಲಿ ಅದು ಸಲ್ಲದು. ನೀರಿನ ಅಂಶ ಒಳಹೊಕ್ಕರೆ ಮುಂದಿನ ಉಪಕರಣಗಳಲ್ಲಿ ಆಮ್ಲವಾಗಿ ಇಳಿದು ಉಕ್ಕನ್ನು ತಿನ್ನುತ್ತದೆ.

*ತಿರುಗುವ ಬಟ್ಟಲು:* ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬಟ್ಟಲಿನ ಅಂಚಿನಿಂದ ಗಂಧಕವು ಸಣ್ಣ ತುಂತುರಾಗಿ ಸಿಡಿಯುತ್ತದೆ. ಪಂಪಿನ ಒತ್ತಡ ಹೆಚ್ಚು ಬೇಡ, ಜ್ವಾಲೆ ಚಿಕ್ಕದು, ಹರಿವಿನ ಏರಿಳಿತವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಆದರೆ ಬೆಲೆಯೂ ದುರಸ್ತಿಯೂ ಹೆಚ್ಚು.

ಒಂದು ಲೆಕ್ಕ

ಇಂಜಿನಿಯರಿಂಗ್ ಅಥವಾ ಡಿಪ್ಲೊಮಾ ಓದುತ್ತಿರುವ ನಮ್ಮ ಮಕ್ಕಳಿಗೆ ಉಪಯುಕ್ತವಾಗಲೆಂದು ಒಂದು ಸರಳ ಲೆಕ್ಕವನ್ನು ಇಲ್ಲಿ ಕೊಡಲಾಗಿದೆ. ದಿನಕ್ಕೆ 100 ಟನ್ ಆಮ್ಲ ತಯಾರಿಸುವ ಘಟಕವನ್ನು ಊಹಿಸಿಕೊಳ್ಳೋಣ.

- ಬೇಕಾಗುವ ಗಂಧಕ ದಿನಕ್ಕೆ ಸುಮಾರು 33 ಟನ್, ಅಂದರೆ ಗಂಟೆಗೆ 1375 ಕಿಲೋ. ದ್ರವ ಗಂಧಕವು ನೀರಿಗಿಂತ 1.79 ಪಟ್ಟು ಭಾರವಾದುದರಿಂದ ಇದು ಗಂಟೆಗೆ ಸುಮಾರು 770 ಲೀಟರ್, ನಿಮಿಷಕ್ಕೆ 13 ಲೀಟರ್.
- ಅನಿಲದಲ್ಲಿ ಶೇಕಡಾ 10ರಷ್ಟು ಸಲ್ಫರ್ ಡೈಆಕ್ಸೈಡ್ ಇರಬೇಕಾದರೆ ಪ್ರತಿ ಕಿಲೋ ಗಂಧಕಕ್ಕೆ 7 ಘನ ಮೀಟರ್ ಗಾಳಿ ಬೇಕು. ಗಂಟೆಗೆ ಸುಮಾರು 9600 ಘನ ಮೀಟರ್.
- ಪ್ರತಿ ಕಿಲೋ ಗಂಧಕ ಉರಿದಾಗ ಸುಮಾರು 2200 ಕಿಲೋ ಕ್ಯಾಲರಿ ಶಾಖ ಹೊಮ್ಮುತ್ತದೆ. ಗಂಟೆಗೆ 30 ಲಕ್ಷ ಕಿಲೋ ಕ್ಯಾಲರಿ. ಅನಿಲದ ಶಾಖ ಸುಮಾರು 1000 ಡಿಗ್ರಿಗೆ ಏರುತ್ತದೆ.
- ಆ ಶಾಖದಲ್ಲಿ ಅನಿಲವು ಹಿಗ್ಗಿ ಸೆಕೆಂಡಿಗೆ ಸುಮಾರು 12.5 ಘನ ಮೀಟರ್ ಆಗುತ್ತದೆ. ಅದು ಕುಲುಮೆಯಲ್ಲಿ 2 ಸೆಕೆಂಡು ನಿಲ್ಲಬೇಕಾದರೆ ಒಳಾವಕಾಶ 25 ಘನ ಮೀಟರ್ ಇರಬೇಕು.
- ನಾಜಲ್‌ಗೆ 10 ಬಾರ್ ಒತ್ತಡ ಕೊಟ್ಟು, ಸುಳಿ ನಾಜಲ್‌ನ ಹರಿವು ಗುಣಾಂಕವನ್ನು 0.35 ಎಂದು ಹಿಡಿದರೆ ರಂಧ್ರದ ವ್ಯಾಸ 5 ಮಿ.ಮೀ.ಗಿಂತ ತುಸು ಕಡಿಮೆ. ಎರಡು ಗನ್ನುಗಳಾದರೆ ತಲಾ 3.4 ಮಿ.ಮೀ.

ದಿನಕ್ಕೆ ನೂರು ಟನ್ ಆಮ್ಲದ ಭಾರವನ್ನು ಹೊರುವುದು ಬೆರಳಿನ ಉಗುರಿಗಿಂತ ಕಿರಿದಾದ ರಂಧ್ರ. ಗಂಧಕದಲ್ಲಿ ಉಳಿದ ಬೂದಿ, ಮರಳು ಆ ರಂಧ್ರವನ್ನು ಕಟ್ಟಬಲ್ಲವು, ಸವೆಸಲೂ ಬಲ್ಲವು. ಆದುದರಿಂದಲೇ ಕರಗಿದ ಗಂಧಕದಲ್ಲಿನ ಆಮ್ಲದ ಅಂಶವನ್ನು ಸುಣ್ಣದಿಂದ ತಟಸ್ಥಗೊಳಿಸಿ, ಅದನ್ನು ಲೀಫ್ ಫಿಲ್ಟರ್‌ನಲ್ಲಿ ಸೋಸಿ ಅನಂತರವೇ ಸಿಂಪಡಿಸುತ್ತಾರೆ.

ಹೊಸ ನಾಜಲ್‌ನ್ನು ಮೊದಲು ನೀರಿನಿಂದ ಪರೀಕ್ಷಿಸುವುದು ರೂಢಿ. ಒಂದೇ ಒತ್ತಡದಲ್ಲಿ ನಿಮಿಷಕ್ಕೆ 100 ಲೀಟರ್ ನೀರು ಬಿಡುವ ನಾಜಲ್ ಸುಮಾರು 75 ಲೀಟರ್ ಗಂಧಕವನ್ನು ಮಾತ್ರ ಬಿಡುತ್ತದೆ. ತೂಕದಲ್ಲಿ ಅದು 134 ಕಿಲೋ. ಈ ವ್ಯತ್ಯಾಸವನ್ನು ಮರೆತರೆ ಲೆಕ್ಕ ತಪ್ಪುತ್ತದೆ. ಗಂಧಕವು ನೀರಿಗಿಂತ ಹಲವು ಪಟ್ಟು ದಪ್ಪವಾದುದರಿಂದ ನೀರಿನಲ್ಲಿ ಕಂಡ ಹನಿಗಳಿಗಿಂತ ಗಂಧಕದ ಹನಿಗಳು ದೊಡ್ಡವಾಗಿರಬಹುದು ಎಂಬುದನ್ನೂ ನೆನಪಿಡಬೇಕು.

ಬರ್ನರ್, ಕುಲುಮೆ ಮತ್ತು ಕೊಂಕಣದ ಮಳೆ

ನಾಜಲ್ ಎಷ್ಟೇ ಚೆನ್ನಾಗಿದ್ದರೂ ಗಾಳಿಯೊಡನೆ ಬೆರೆಯದಿದ್ದರೆ ವ್ಯರ್ಥ. ಬರ್ನರ್‌ನಲ್ಲಿ ಗನ್ನಿನ ಸುತ್ತಲೂ ಓರೆಯಾದ ರೆಕ್ಕೆಗಳನ್ನಿರಿಸಿ ಗಾಳಿಗೆ ಸುಳಿ ಕೊಡಲಾಗುತ್ತದೆ. ತುಂತುರಿನ ಶಂಕು ಹೆಚ್ಚು ಅಗಲವಾದರೆ ಹನಿಗಳು ಪಕ್ಕದ ಇಟ್ಟಿಗೆಗೆ ಬಡಿಯುತ್ತವೆ. ಹೆಚ್ಚು ಕಿರಿದಾದರೆ ಜ್ವಾಲೆ ಉದ್ದವಾಗಿ ಎದುರಿನ ಅಡ್ಡಗೋಡೆಯನ್ನು ಸುಡುತ್ತದೆ. ಶಂಕುವಿನ ಕೋನ, ಗನ್ನಿನ ತುದಿ ಒಳಚಾಚಿರುವ ದೂರ, ಗಾಳಿಯ ಸುಳಿ – ಈ ಮೂರನ್ನೂ ಒಟ್ಟಾಗಿಯೇ ಹೊಂದಿಸಬೇಕು. ಕುಲುಮೆಯೊಳಗಿನ ಇಟ್ಟಿಗೆಯ ಅಡ್ಡಗೋಡೆಗಳು ಉಳಿದ ಹನಿಗಳನ್ನು ತಡೆದು ಅನಿಲವನ್ನು ಮತ್ತೊಮ್ಮೆ ಕಲಸುತ್ತವೆ.

ನಮ್ಮ ಕರಾವಳಿಯ ಮಳೆಗಾಲವು ಇಲ್ಲಿ ವಿಶೇಷ ಪರೀಕ್ಷೆ ಒಡ್ಡುತ್ತದೆ. 30 ಡಿಗ್ರಿ ಶಾಖ, ಶೇಕಡಾ 85 ಆರ್ದ್ರತೆಯಿರುವ ದಿನ ಪ್ರತಿ ಕಿಲೋ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರು ಇರುತ್ತದೆ. ಮೇಲಿನ ಘಟಕದಲ್ಲಿ ಗಾಳಿಯೊಡನೆ ಬರುವ ಈ ನೀರು ಗಂಟೆಗೆ ಸುಮಾರು 285 ಕಿಲೋ, ದಿನಕ್ಕೆ ಸುಮಾರು 7 ಟನ್. ಇದನ್ನೆಲ್ಲ ಒಣಗಿಸುವ ಗೋಪುರದಲ್ಲಿ ಪ್ರಬಲ ಗಂಧಕಾಮ್ಲಕ್ಕೆ ಹೀರಿಸಿ ತೆಗೆಯಬೇಕು. ಕುಲುಮೆಯ ಹೊರಗಿನ ಉಕ್ಕಿನ ಚಿಪ್ಪಿನ ಮೇಲೆ ಮಳೆ ನೇರವಾಗಿ ಸುರಿದರೆ ಅದು ತಣಿದು, ಇಟ್ಟಿಗೆಯ ಸಂದುಗಳಿಂದ ನುಸುಳಿದ ಅನಿಲವು ಆಮ್ಲವಾಗಿ ಇಳಿದು ಒಳಗಿನಿಂದಲೇ ಉಕ್ಕು ಸವೆಯುತ್ತದೆ. ಆದುದರಿಂದ ಕುಲುಮೆಯ ಮೇಲೆ ಮಳೆಯ ಹೊದಿಕೆ ಇರಲೇಬೇಕು. ಹೊದಿಕೆಯನ್ನು ಅನಗತ್ಯ ಖರ್ಚೆಂದು ಬಿಟ್ಟವರು ಅದಕ್ಕಿಂತ ಎಷ್ಟೋ ಹೆಚ್ಚಿನ ಬೆಲೆಯನ್ನು ದುರಸ್ತಿಗೆ ತೆರಬೇಕಾಗುತ್ತದೆ.

ಕುಲುಮೆಯನ್ನು ಹೊತ್ತಿಸುವಾಗಲೂ ಆತುರ ಸಲ್ಲದು. ಮೊದಲು ಡೀಸೆಲ್ ಬರ್ನರ್‌ನಿಂದ ಇಟ್ಟಿಗೆಯನ್ನು ನಿಧಾನವಾಗಿ ಕಾಯಿಸಿ, ಅದು ಕೆಂಡದಂತೆ ಕೆಂಪೇರಿದ ಬಳಿಕವೇ ಗಂಧಕ ಸಿಂಪಡಿಸಬೇಕು. ಕಾಯಿಸಲು ಬಳಸಿದ ಹೊಗೆಯಲ್ಲಿ ನೀರಿನ ಆವಿ ಇರುವುದರಿಂದ ಅದನ್ನು ವೇಗವರ್ಧಕದತ್ತ ಬಿಡದೆ ಹೊರಗೆ ಕಳುಹಿಸಬೇಕು.

ಸಿಂಪಡಿಸದ ಕುಲುಮೆಗಳು

ಎಲ್ಲ ಕಡೆಯೂ ನಾಜಲ್ ಬೇಕೆಂದಿಲ್ಲ. ಸಾಬೂನುಪುಡಿಯ ಮೂಲವಸ್ತು ತಯಾರಿಸುವ ಘಟಕಗಳಲ್ಲಿ ಗಂಧಕದ ಹರಿವು ಅಲ್ಪವಾದುದರಿಂದ ಅಳತೆಯ ಪಂಪಿನಿಂದ ಅದನ್ನು ಕಾದ ಅಗ್ನಿನಿರೋಧಕ ಉಂಡೆಗಳ ಹಾಸಿನ ಮೇಲೆ ಬೀಳಿಸಿ ಸುಡುತ್ತಾರೆ. ಅಷ್ಟು ಕಡಿಮೆ ಹರಿವಿಗೆ ನಾಜಲ್ ಮಾಡಿದರೆ ರಂಧ್ರವು ಬಲು ಸಣ್ಣದಾಗಿ ಪದೇಪದೇ ಕಟ್ಟಿಕೊಳ್ಳುತ್ತದೆ.

ಕರ್ನಾಟಕದ ಅನೇಕ ಸಕ್ಕರೆ ಕಾರ್ಖಾನೆಗಳಲ್ಲಿಯೂ ಕಬ್ಬಿನ ಹಾಲಿನ ಬಣ್ಣ ತಿಳಿಯಾಗಿಸಲು ಸುಣ್ಣದೊಡನೆ ಸಲ್ಫರ್ ಡೈಆಕ್ಸೈಡ್ ಬಳಸುತ್ತಾರೆ. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಸೂರು ಸಕ್ಕರೆ ಕಂಪನಿಯ ಕಾಲದಿಂದ ಸಕ್ಕರೆಯನ್ನು ಬಲ್ಲ ನಾಡಿಗರಿಗೆ ಗಂಧಕದ ಒಲೆಯ ವಾಸನೆ ಪರಿಚಿತ. ಅಲ್ಲಿನ ಸಾಂಪ್ರದಾಯಿಕ ಒಲೆ ಒಂದು ತಟ್ಟೆ. ಗಂಧಕ ಅದರಲ್ಲಿ ಕರಗಿ ಮೇಲ್ಮೈಯಲ್ಲಿ ಉರಿಯುತ್ತದೆ. ಗಂಧಕದ ಕುದಿಬಿಂದು ಸುಮಾರು 445 ಡಿಗ್ರಿ. ತಟ್ಟೆ ಮಿತಿಮೀರಿ ಕಾದರೆ, ಗಾಳಿ ಸಾಲದಿದ್ದರೆ, ಉರಿಯದ ಆವಿಯು ಕೊಳವೆಗಳಲ್ಲಿ ಹಳದಿಯಾಗಿ ಕಟ್ಟಿಕೊಳ್ಳುತ್ತದೆ. ಒಲೆ ಬೇರೆಯಾದರೂ ದೋಷ ಒಂದೇ.

ದೋಷದ ಲಕ್ಷಣಗಳು ಮತ್ತು ಕೆಲಸಗಾರನ ಸುರಕ್ಷೆ

ಒತ್ತಡ ಬದಲಾಗದೆ ಹರಿವು ಹೆಚ್ಚಿದರೆ ನಾಜಲ್ ಸವೆದಿದೆ ಎಂದರ್ಥ. ಒತ್ತಡ ಏರಿ ಹರಿವು ಇಳಿದರೆ ಕಟ್ಟಿಕೊಂಡಿದೆ. ನೋಟದ ಗಾಜಿನಲ್ಲಿ ಅಥವಾ ಅನಿಲದ ಮಾದರಿ ತೆಗೆಯುವ ಕೊಳವೆಯಲ್ಲಿ ಹಳದಿ ಕಂಡರೆ ಗಂಧಕ ಉರಿಯದೆ ಸಾಗುತ್ತಿದೆ. ಚಿಮಣಿಯಿಂದ ಹೊರಟ ಬಿಳಿ ಹೊಗೆ ಬೇಗ ಕರಗದೆ ದೂರದವರೆಗೆ ಉಳಿದರೆ ಅದು ಬರಿಯ ಹಬೆಯಲ್ಲ, ಆಮ್ಲದ ಮಂಜು. ಜಾಕೆಟ್ ಸೋರಿ ನೀರು ಒಳಸೇರಿರುವುದೂ ಅದಕ್ಕೆ ಒಂದು ಕಾರಣವಾಗಿರಬಹುದು.

ಶುದ್ಧೀಕರಣಾಗಾರದಿಂದ ಬಂದ ದ್ರವ ಗಂಧಕದಲ್ಲಿ ವಿಷಕಾರಿಯೂ ದಹನಶೀಲವೂ ಆದ ಹೈಡ್ರೋಜನ್ ಸಲ್ಫೈಡ್ ಕರಗಿರುವುದುಂಟು. ಅದು ಟ್ಯಾಂಕಿನ ಮೇಲ್ಭಾಗದಲ್ಲಿ ಸೇರುವುದರಿಂದ ಮುಚ್ಚಳ ತೆರೆದು ಬಗ್ಗಿ ನೋಡುವುದು ಪ್ರಾಣಕ್ಕೆ ಅಪಾಯ. ಹೆಚ್ಚು ಪ್ರಮಾಣದಲ್ಲಿ ಅದು ಮೂಗಿನ ಗ್ರಹಣಶಕ್ತಿಯನ್ನೇ ಮರಗಟ್ಟಿಸುವುದರಿಂದ ‘ವಾಸನೆಯಿಲ್ಲ, ಅಪಾಯವಿಲ್ಲ’ ಎಂಬ ಧೈರ್ಯ ಸಲ್ಲದು. ಗನ್ ಬದಲಿಸುವವನಿಗೆ ಮುಖಕವಚ, ಶಾಖ ತಡೆಯುವ ಕೈಗವಸು, ಉಸಿರಾಟದ ರಕ್ಷಣೆ ಅಗತ್ಯ. ಗಂಧಕದ ಪುಡಿಯೂ ಗಾಳಿಯಲ್ಲಿ ಹಾರಿದಾಗ ಕಿಡಿ ತಗುಲಿದರೆ ಸಿಡಿಯಬಲ್ಲುದು.

ನಾಜಲ್‌ನಿಂದ ನಮ್ಮ ಕಿಟಕಿಯವರೆಗೆ

ಇಷ್ಟು ಸೂಕ್ಷ್ಮವಾದ ವಿಷಯ ಮನೆಯಲ್ಲಿರುವವರಿಗೆ ಏಕೆ ಎಂದು ಕೆಲವರು ಕೇಳಬಹುದು. ಮತ್ತೆ ಅದೇ 100 ಟನ್ ಘಟಕವನ್ನು ನೋಡೋಣ. ಅಲ್ಲಿ ದಿನಕ್ಕೆ ಸುಮಾರು 65 ಟನ್ ಸಲ್ಫರ್ ಡೈಆಕ್ಸೈಡ್ ಹುಟ್ಟುತ್ತದೆ. ಎರಡು ಹಂತಗಳಲ್ಲಿ ಹೀರಿಸುವ ಸುಸ್ಥಿತಿಯ ಘಟಕದಲ್ಲಿ ಶೇಕಡಾ 99.7 ಪರಿವರ್ತನೆಯಾದರೆ ಹೊರಬೀಳುವುದು 200 ಕಿಲೋಗಿಂತ ಕಡಿಮೆ. ಪರಿವರ್ತನೆ ಶೇಕಡಾ 98ಕ್ಕೆ ಇಳಿದರೆ ಅದು 1300 ಕಿಲೋ ಆಗುತ್ತದೆ. ನಮ್ಮ ದೇಶದ 2009ರ ವಾಯುಗುಣಮಟ್ಟದ ಮಾನದಂಡದಂತೆ 24 ಗಂಟೆಗಳ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ 80 ಮೈಕ್ರೋಗ್ರಾಂ ಮೀರಬಾರದು. ಆ 1300 ಕಿಲೋ ಅನಿಲವನ್ನು ಅಷ್ಟು ತೆಳುಗೊಳಿಸಲು 16 ಘನ ಕಿಲೋಮೀಟರ್ ಶುದ್ಧ ಗಾಳಿ ಬೇಕು! ಪರಿವರ್ತನೆ ಕುಸಿಯಲು ಕಾರಣಗಳು ಹಲವು. ಸರಿಯಾಗಿ ಉರಿಯದ ಗಂಧಕದಿಂದಲೂ ಬೂದಿಯಿಂದಲೂ ಹಾಳಾದ ವೇಗವರ್ಧಕವು ಅವುಗಳಲ್ಲಿ ಒಂದು. ಇದರ ಮೊದಲ ಬಾಧೆ ತಟ್ಟುವುದು ಮಕ್ಕಳಿಗೆ, ವೃದ್ಧರಿಗೆ, ಉಬ್ಬಸದ ರೋಗಿಗಳಿಗೆ.

ಡೊಂಬಿವಲಿಯಲ್ಲಿ 2016ರ ಮೇ 26ರಂದು ಮತ್ತು 2024ರ ಮೇ 23ರಂದು ನಡೆದ ಪ್ರಾಣಹಾನಿಯ ಸ್ಫೋಟಗಳು ಗಂಧಕದ ಕುಲುಮೆಗೆ ಸಂಬಂಧಿಸಿದವಲ್ಲ. ಆದರೂ ಕಾರ್ಖಾನೆಯ ಗೋಡೆ ಮತ್ತು ಮನೆಯ ಗೋಡೆ ಇಲ್ಲಿ ಎಷ್ಟು ಹತ್ತಿರವಿವೆ ಎಂಬುದನ್ನು ಅವು ಎಲ್ಲರಿಗೂ ಮನಗಾಣಿಸಿದವು. ಕಾರ್ಖಾನೆ ಬೇಡವೆನ್ನುವುದು ಸುಲಭ. ಆದರೆ ನಮ್ಮಲ್ಲಿ ಎಷ್ಟೋ ಮನೆಗಳ ಅನ್ನದ ಮೂಲ ಅದೇ. ಆದುದರಿಂದ ಅದು ಸರಿಯಾಗಿ ನಡೆಯಬೇಕೆಂದು ಅಪೇಕ್ಷಿಸುವುದೂ, ಸರಿಯಾಗಿ ನಡೆಸುವುದು ಹೇಗೆಂದು ತಿಳಿದಿರುವುದೂ ಅಗತ್ಯ.

ಸವೆದ ನಾಜಲ್‌ನ್ನು ಸಕಾಲದಲ್ಲಿ ಬದಲಿಸುವ ಫಿಟ್ಟರನ ಹೆಸರು ಯಾವ ವರದಿಯಲ್ಲಿಯೂ ಕಾಣಿಸುವುದಿಲ್ಲ. ಆತನ ಎಚ್ಚರಿಕೆಯ ಫಲ ಕಾಣುವುದು ಚಿಮಣಿಯ ಮೇಲಿನ ತಿಳಿಯಾದ ಆಕಾಶದಲ್ಲಿ. ನಿವೃತ್ತರಾಗಿ ಮನೆಯಲ್ಲಿರುವ ನಮ್ಮ ಹಿರಿಯರಲ್ಲಿ ಇಂಥ ಕೈಗಳ ಅನುಭವ ಬೇಕಾದಷ್ಟಿದೆ. ರಸಾಯನಶಾಸ್ತ್ರ, ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳು ಒಂದು ಭಾನುವಾರ ಅವರ ಬಳಿ ಕುಳಿತು ಕೇಳಿ ತಿಳಿದುಕೊಂಡರೆ, ಪುಸ್ತಕದಲ್ಲಿ ಸಿಗದ ಪಾಠವೂ ಸಿಕ್ಕೀತು, ಹಿರಿಯರಿಗೂ ಸಂತೋಷವಾದೀತು.